ಊರ ಸುದ್ದಿಯನ್ನು ಅಚ್ಚಿಗೆ ತಂದ ಹರ್ಮನ್ ಮೊಗ್ಲಿಂಗ್

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಜಿಲ್ಲಾ ಕೇಂದ್ರಗಳಲ್ಲಿ ಸಭೆಗಳು ಸೇರುತ್ತವೆ, ಹಿರಿಯ ಪತ್ರಕರ್ತರಿಗೆ ಸನ್ಮಾನವಾಗುತ್ತದೆ, ವೇದಿಕೆಯ ಭಾಷಣಗಳಲ್ಲಿ ಒಬ್ಬ ಜರ್ಮನ್ ಪಾದ್ರಿಯ ಹೆಸರು ತಪ್ಪದೆ ಕೇಳಿಬರುತ್ತದೆ. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಬಂದಿತು. ಅದರ ಸಂಪಾದಕ ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್.

ಮೊದಲ ಕನ್ನಡ ಪತ್ರಿಕೆ ಎಂಬ ಹೆಗ್ಗಳಿಕೆಯ ಬೆಳಕಿನಲ್ಲಿ ಇನ್ನೊಂದು ಸಂಗತಿ ಹಿಂದೆ ಸರಿದಿದೆ. ಆ ಪತ್ರಿಕೆಯ ಹೆಸರಿನಲ್ಲಿ ಕನ್ನಡ ಎಂಬ ಶಬ್ದವಿರಲಿಲ್ಲ. ಅದು ‘ಮಂಗಳೂರ ಸಮಾಚಾರ’. ಒಂದು ಪಟ್ಟಣದ ಹೆಸರನ್ನು ಹೊತ್ತು, ಆ ಪಟ್ಟಣದ ವರ್ತಮಾನಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟ ಊರ ಪತ್ರಿಕೆ. ಮಂಗಳೂರಿನಲ್ಲಿ ಅದು ಬದುಕಿದ್ದು ಕೇವಲ ಎಂಟು ತಿಂಗಳು. ಅಲ್ಪಾಯುವಾದ ಆ ಪಾಕ್ಷಿಕದ ಹಿಂದೆ ವಿಚಿತ್ರ ತಿರುವುಗಳ ಒಂದು ದೀರ್ಘ ಬದುಕಿದೆ.

ಬ್ರಾಕನ್‌ಹೈಮ್‌ನಿಂದ ಕರಾವಳಿಗೆ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಗೆ ಸೇರಿದ ಬ್ರಾಕನ್‌ಹೈಮ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ಶಾಲಾ ಅಧ್ಯಾಪಕರು. ಆ ಸೀಮೆಯ ಪ್ರತಿಭಾವಂತ ಬಾಲಕರು ಹಿಡಿಯುತ್ತಿದ್ದ ಹಾದಿಯಲ್ಲೇ ಸಾಗಿದ ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ವ್ಯಾಸಂಗ ಮಾಡಿದರು. ಗ್ರೀಕ್, ಲ್ಯಾಟಿನ್, ಹೀಬ್ರೂ ಗ್ರಂಥಗಳನ್ನು ಮೂಲದಲ್ಲಿ ಓದಿ, ಪಾಠಗಳನ್ನು ಹೋಲಿಸಿ, ಅರ್ಥ ನಿರ್ಣಯಿಸುವ ಶಿಸ್ತು ಅಲ್ಲಿನ ಶಿಕ್ಷಣದ ಜೀವಾಳವಾಗಿತ್ತು. ಮುಂದೆ ಕನ್ನಡ ಕಾವ್ಯಗಳ ಓಲೆಗರಿಗಳನ್ನು ಕೈಗೆತ್ತಿಕೊಂಡಾಗ ಇದೇ ಶಿಸ್ತು ಅವರ ನೆರವಿಗೆ ಬಂದಿತು. ಮಲಯಾಳದ ನಿಘಂಟುಕಾರರಾಗಿ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಕೂಡ ಟ್ಯೂಬಿಂಗನ್‌ನಲ್ಲಿ ಕಲಿತವರೇ. ಇಬ್ಬರ ನಡುವೆ ಗಾಢ ಸ್ನೇಹವಿತ್ತು.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್, ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡ ಬಳಿಕ ಭಾರತದತ್ತ ಮುಖ ಮಾಡಿತ್ತು. ಸ್ಯಾಮ್ಯುಯೆಲ್ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಮೊಗ್ಲಿಂಗ್ ಬಂದರು. ಆಗ ಅವರಿಗೆ 25 ವರ್ಷ. ಬಂದ ಉದ್ದೇಶದಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ: ಕ್ರೈಸ್ತ ಧರ್ಮವನ್ನು ಬೋಧಿಸುವುದು, ಅದಕ್ಕಾಗಿ ಶಾಲೆ ನಡೆಸುವುದು, ಸ್ಥಳೀಯ ಬೋಧಕರನ್ನು ತಯಾರು ಮಾಡುವುದು. ಅದಕ್ಕೆಲ್ಲ ಭಾಷೆ ಬೇಕಿತ್ತು. ಮಂಗಳೂರಿನಲ್ಲಿಯೂ ಧಾರವಾಡ–ಹುಬ್ಬಳ್ಳಿ ಭಾಗದಲ್ಲಿಯೂ ಇದ್ದು ಅವರು ಕನ್ನಡ ಕಲಿತರು. ಕರಾವಳಿಯ ಕನ್ನಡವನ್ನೂ ಬಯಲುಸೀಮೆಯ ಕನ್ನಡವನ್ನೂ ಕಿವಿಯಿಂದಲೇ ಅರಿಯುವ ಅವಕಾಶ ಹೀಗೆ ಅವರಿಗೆ ಒದಗಿತು.

1840ರಲ್ಲಿ ಅವರು ಮಂಗಳೂರಿನಲ್ಲಿ ಬೋಧಕರ ತರಬೇತಿ ಶಾಲೆಯನ್ನು ಆರಂಭಿಸಿದರು. 1847ರಲ್ಲಿ ಅದು ಬಲ್ಮಠದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಈಗ ಅಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದೇ ಪರಂಪರೆಯ ಮುಂದುವರಿಕೆ.

ಬಾಯಿಮಾತೇ ಸುದ್ದಿಯಾಗಿದ್ದ ಪಟ್ಟಣ

ಆ ಕಾಲದ ಮಂಗಳೂರು ಮದರಾಸು ಪ್ರಾಂತ್ಯದ ಕೆನರಾ ಜಿಲ್ಲೆಯ ಮುಖ್ಯ ಪಟ್ಟಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕಂಪನಿಯ ಕೈಸೇರಿದ ಊರು. ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳು. ಕಚೇರಿಯ ಕಾಗದಪತ್ರದಲ್ಲಿ ಕನ್ನಡ. ಮೇಲಧಿಕಾರಿಗಳ ನಡುವೆ ಇಂಗ್ಲಿಷ್. ಒಂದೆಡೆ ಸಮುದ್ರ, ಇನ್ನೊಂದೆಡೆ ಘಟ್ಟ. ಮಳೆಗಾಲ ಬಂತೆಂದರೆ ಹಾಯಿ ಹಡಗುಗಳ ಸಂಚಾರ ನಿಲ್ಲುತ್ತಿತ್ತು, ಘಟ್ಟದ ದಾರಿಗಳು ಕೆಸರಾಗುತ್ತಿದ್ದವು. ಹೊರಗಿನ ಸುದ್ದಿ ಬರುತ್ತಿದ್ದದ್ದು ವರ್ತಕರ, ನಾವಿಕರ, ಟಪಾಲಿನವರ ಮೂಲಕ. ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಾಗ ಸುದ್ದಿ ಬೆಳೆಯುತ್ತಿತ್ತು, ಬಣ್ಣ ಬದಲಿಸುತ್ತಿತ್ತು.

ಬಾಯಿಮಾತಿನ ಬಲವೆಷ್ಟೆಂಬುದು ಮೊಗ್ಲಿಂಗ್ ಬಂದ ಕೆಲವೇ ತಿಂಗಳಲ್ಲಿ ಪ್ರಕಟವಾಯಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳನ್ನು ಕೆನರಾಕ್ಕೆ ಸೇರಿಸಿತ್ತು. 1837ರಲ್ಲಿ ಅಲ್ಲಿಂದ ಎದ್ದ ರೈತ ದಂಗೆ ಏಪ್ರಿಲ್ ಹೊತ್ತಿಗೆ ಮಂಗಳೂರನ್ನೇ ತಲುಪಿತು. ಬಂಡಾಯಗಾರರು ಊರನ್ನು ಹಿಡಿದರು. ಎರಡು ವಾರಗಳೊಳಗೆ ಕಂಪನಿಯ ಸೈನ್ಯ ಮತ್ತೆ ಅದನ್ನು ವಶಕ್ಕೆ ತೆಗೆದುಕೊಂಡಿತು. ಜನರ ನಾಲಿಗೆಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ ಎಂದು ಉಳಿಯಿತು. ಯಾರು ಬರುತ್ತಿದ್ದಾರೆ, ಎಷ್ಟು ಜನರಿದ್ದಾರೆ, ಸರ್ಕಾರ ಉಳಿಯುವುದೋ ಅಳಿಯುವುದೋ ಎಂಬುದನ್ನು ತಿಳಿಸುವ ಅಚ್ಚಿನ ಹಾಳೆ ಆ ಊರಿನಲ್ಲಿ ಒಂದೂ ಇರಲಿಲ್ಲ.

ಉಳಿದ ಪ್ರಾಂತ್ಯಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಬಂಗಾಳಿಯಲ್ಲಿ ‘ಸಮಾಚಾರ ದರ್ಪಣ’ 1818ರಲ್ಲೇ ಆರಂಭವಾಗಿತ್ತು. ಗುಜರಾತಿಯ ‘ಮುಂಬಯಿ ಸಮಾಚಾರ’ 1822ರಲ್ಲಿ, ಮರಾಠಿಯ ‘ದರ್ಪಣ’ 1832ರಲ್ಲಿ ಬಂದಿದ್ದವು. ಕನ್ನಡಿಗರ ಪಾಲಿಗೆ ಆ ಸ್ಥಳ ಖಾಲಿಯಿತ್ತು.

ಕಲ್ಲಿನ ಮೇಲೆ ಮೂಡಿದ ಅಕ್ಷರ

1841ರಲ್ಲಿ ಮೊಗ್ಲಿಂಗರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ಮುಂಬಯಿಯಿಂದ ಒಂದು ಕಲ್ಲಚ್ಚು ಯಂತ್ರವನ್ನು ಮಂಗಳೂರಿಗೆ ತಂದರು. ಬಾಸೆಲ್ ಮಿಷನ್ ಮುದ್ರಣಾಲಯದ ಹುಟ್ಟು ಅದೇ. ಸುಮಾರು 1796ರಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನ ಎಣ್ಣೆಗೂ ನೀರಿಗೂ ಇರುವ ವೈರವನ್ನೇ ಆಧರಿಸಿದೆ. ಜಿಡ್ಡಿನ ಶಾಯಿಯಿಂದ ಬರೆದ ಬರಹವನ್ನು ನುಣುಪಾದ ಸುಣ್ಣಕಲ್ಲಿಗೆ ಇಳಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಅದರ ಮೇಲೆ ಶಾಯಿಯ ಉರುಳೆಯನ್ನು ಹೊರಳಿಸಿದರೆ ಬರಹವಿರುವ ಕಡೆ ಮಾತ್ರ ಶಾಯಿ ಅಂಟಿಕೊಳ್ಳುತ್ತದೆ. ಕಾಗದವನ್ನಿಟ್ಟು ಒತ್ತಿದರೆ ಪ್ರತಿ ಸಿದ್ಧ.

ಕನ್ನಡದ ಮಟ್ಟಿಗೆ ಇದರ ಅನುಕೂಲ ದೊಡ್ಡದು. ಮೊಳೆ ಜೋಡಿಸಿ ಅಚ್ಚು ಹಾಕಬೇಕಾದರೆ ಗುಣಿತಾಕ್ಷರ, ಒತ್ತಕ್ಷರಗಳಿಗಾಗಿ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಿಸಬೇಕು. ಕಲ್ಲಚ್ಚಿಗೆ ಬೇಕಾದದ್ದು ದುಂಡಗೆ ಬರೆಯಬಲ್ಲ ಒಬ್ಬ ಲಿಪಿಕಾರ. ಕಚೇರಿಯ ಬರಹಕ್ಕೆ ಒಗ್ಗಿದ ಕಣ್ಣಿಗೆ ಅದು ಪರಕೀಯವಾಗಿಯೂ ಕಾಣುತ್ತಿರಲಿಲ್ಲ. ಅನನುಕೂಲವೂ ಅಷ್ಟೇ ಇತ್ತು. ಪ್ರತಿ ಪುಟವನ್ನೂ ಕೈಯಲ್ಲೇ ಬರೆಯಬೇಕು, ತಪ್ಪಾದರೆ ತಿದ್ದುವುದು ಕಷ್ಟ, ಪ್ರತಿಗಳು ಹೆಚ್ಚಿದಂತೆ ಅಕ್ಷರಗಳು ಮಸುಕಾಗುತ್ತವೆ. ದಿನಪತ್ರಿಕೆಯ ವೇಗ ಇಲ್ಲಿ ಕನಸಿನ ಮಾತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ ಎಂಬ ಲೆಕ್ಕ ಈ ಮಿತಿಯೊಳಗೆ ಸಾಧ್ಯವಿದ್ದ ಲೆಕ್ಕ. ಪ್ರತಿಯೊಂದರ ಬೆಲೆ ಒಂದು ದುಡ್ಡು.

ನಾಲ್ಕು ಪುಟಗಳಲ್ಲಿ ಒಂದು ಊರು

‘ಮಂಗಳೂರ ಸಮಾಚಾರ’ ತನ್ನೊಳಗನ್ನು ಹಂಚಿಕೊಂಡ ಕ್ರಮ ಇಂದಿನ ಪತ್ರಿಕಾ ಕಚೇರಿಯವರಿಗೂ ಪರಿಚಿತವೆನಿಸುವಂತಿದೆ. ಊರಿನ ವರ್ತಮಾನಕ್ಕೆ ಒಂದು ವಿಭಾಗ, ಸರ್ಕಾರದ ನಿರೂಪಗಳಿಗೆ ಇನ್ನೊಂದು, ಹೊರ ರಾಜ್ಯಗಳ ಸುದ್ದಿಗೆ ಮತ್ತೊಂದು. ಇವುಗಳ ಜೊತೆಗೆ ಅಚ್ಚರಿಯ ಸಂಗತಿಗಳು, ಅನ್ಯರ ನಡೆನುಡಿಗಳ ಪರಿಚಯ, ಬುದ್ಧಿಮಾತು, ಕಥೆಗಳು. ಸ್ಥಳೀಯ ಸುದ್ದಿ, ಸರ್ಕಾರಿ ಪ್ರಕಟಣೆ, ದೇಶ-ವಿದೇಶ, ವಿಶೇಷ ಲೇಖನ, ಪುರವಣಿ ಎಂದು ನಂತರದ ಪತ್ರಿಕೆಗಳು ಮಾಡಿಕೊಂಡ ವಿಂಗಡಣೆಯ ಬೀಜ ಇಲ್ಲಿ ಕಾಣುತ್ತದೆ.

ಇವುಗಳಲ್ಲಿ ಸರ್ಕಾರಿ ನಿರೂಪಗಳ ವಿಭಾಗವನ್ನು ಲಘುವಾಗಿ ಕಾಣುವಂತಿಲ್ಲ. ಕಂದಾಯ, ನ್ಯಾಯ, ಅಧಿಕಾರಿಗಳ ನೇಮಕದ ಆದೇಶಗಳು ಅದುವರೆಗೆ ಕಚೇರಿಯ ಗೋಡೆಯೊಳಗೆ ಇರುತ್ತಿದ್ದವು. ಹೊರಗಿದ್ದವನು ಅವನ್ನು ತಿಳಿಯಬೇಕಾದರೆ ಕಚೇರಿಯ ಗುಮಾಸ್ತನ ಅಥವಾ ಶಾನುಭೋಗನ ಮಾತನ್ನೇ ನಂಬಬೇಕಿತ್ತು. ನಡುವೆ ನಿಂತು ಹೇಳುವವನಿಗೆ ಅಧಿಕಾರವೂ ಇತ್ತು, ಸಂಪಾದನೆಯೂ ಇತ್ತು. ಆದೇಶವೊಂದು ಒಂದು ದುಡ್ಡಿಗೆ ಸಿಗುವ ಹಾಳೆಯಲ್ಲಿ ಅಚ್ಚಾದರೆ, ಓದುಬಲ್ಲ ಯಾರೇ ಆಗಲಿ ಅದನ್ನು ಹತ್ತು ಜನರಿಗೆ ಓದಿ ಹೇಳಬಹುದು. ಊರ ಪತ್ರಿಕೆಯೊಂದು ಮಾಡಬಹುದಾದ ಕೆಲಸದ ತಿರುಳು ಇದೇ.

ಧರ್ಮಪ್ರಚಾರಕ್ಕೆಂದು ಬಂದ ಸಂಸ್ಥೆಯೊಂದು ಹೊರಡಿಸಿದ ಪತ್ರಿಕೆಯಲ್ಲಿ ಧರ್ಮಪ್ರಚಾರಕ್ಕಿಂತ ವರ್ತಮಾನಕ್ಕೆ ಹೆಚ್ಚು ಜಾಗ ದೊರೆತದ್ದು ಗಮನಾರ್ಹ. ಮೊಗ್ಲಿಂಗ್ ತಮ್ಮ ನಂಬಿಕೆಯನ್ನು ಬದಿಗಿಟ್ಟರೆಂದು ಇದರ ಅರ್ಥವಲ್ಲ. ಮಿಷನ್ನಿನ ಮುದ್ರಣಾಲಯದಿಂದ ಮತಬೋಧನೆಯ ಪುಸ್ತಿಕೆಗಳು ಪ್ರತ್ಯೇಕವಾಗಿ ಹೊರಬರುತ್ತಲೇ ಇದ್ದವು. ಪತ್ರಿಕೆಗೆ ಬೇರೊಂದು ಕೆಲಸವಿದೆ, ಊರಿನ ಎಲ್ಲ ಮತದವರೂ ಹಣ ಕೊಟ್ಟು ಓದಬೇಕಾದರೆ ಅದು ಊರಿನ ವಿಷಯ ಹೇಳಬೇಕು ಎಂಬ ವಿವೇಕ ಆ ಹಾಳೆಗಳ ರಚನೆಯಲ್ಲಿದೆ.

ಊರು ಕುದಿದ ಜನವರಿ

ಈ ವಿವೇಕಕ್ಕೆ ಕಠಿಣ ಪರೀಕ್ಷೆ ಎದುರಾದದ್ದು 1844ರ ಆರಂಭದಲ್ಲಿ. ಮೊಗ್ಲಿಂಗರ ಪ್ರಭಾವಕ್ಕೆ ಒಳಗಾಗಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಮತ್ತು ಆತನ ಇಬ್ಬರು ಸಂಗಡಿಗರು ಆ ವರ್ಷದ ಜನವರಿಯಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಪ್ರತಿಷ್ಠಿತ ಮನೆತನಗಳ ಮಕ್ಕಳು ಹೀಗೆ ಹೊರಟುಹೋದದ್ದು ಪಟ್ಟಣವನ್ನು ಕಲಕಿತು. ಬಂಧುಗಳ ಪಾಲಿಗೆ ಅದು ಮಕ್ಕಳನ್ನು ಬದುಕಿರುವಾಗಲೇ ಕಳೆದುಕೊಂಡ ದುಃಖ. ಕೌಂಡಿನ್ಯರ ಪಾಲಿಗೆ ಅದು ಮನಸ್ಸಾಕ್ಷಿಯ ನಿರ್ಧಾರ. ಅದಕ್ಕಾಗಿ ಅವರು ಕುಟುಂಬವನ್ನೂ ಜಾತಿಯ ಆಸರೆಯನ್ನೂ ತೆತ್ತರು. ಗುರುವಿನ ಹೆಸರನ್ನೇ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದ ಅವರು ಮುಂದೆ ಬಾಸೆಲ್‌ನಲ್ಲಿ ವ್ಯಾಸಂಗ ಮುಗಿಸಿ, ಪಾದ್ರಿಯಾಗಿ ಮಂಗಳೂರಿಗೆ ಮರಳಿದರು.

ಮೊಗ್ಲಿಂಗರ ಬದುಕಿನ ಇಬ್ಬಂದಿ ಈ ಪ್ರಸಂಗದಲ್ಲಿ ಪೂರ್ಣವಾಗಿ ಕಾಣಿಸುತ್ತದೆ. ಊರಿನ ಸಕಲರಿಗೂ ಸಲ್ಲುವ ಒಂದು ಹಾಳೆಯನ್ನು ಹದಿನೈದು ದಿನಕ್ಕೊಮ್ಮೆ ಸಿದ್ಧಪಡಿಸುತ್ತಿದ್ದ ಕೈಯೇ ಆ ಊರಿನ ಮನೆಗಳಲ್ಲಿ ಬಿರುಕು ಮೂಡಿಸಿದ ಘಟನೆಗೂ ಕಾರಣವಾಗಿತ್ತು. ಸಂಪಾದಕನಾಗಿ ಅವರಿಗೆ ಊರಿನ ವಿಶ್ವಾಸ ಬೇಕಿತ್ತು. ಪಾದ್ರಿಯಾಗಿ ಅವರು ಆ ವಿಶ್ವಾಸವನ್ನು ಪಣಕ್ಕಿಟ್ಟರು. ಎರಡೂ ಪಾತ್ರಗಳನ್ನು ಅವರು ಮನಃಪೂರ್ವಕವಾಗಿಯೇ ನಿರ್ವಹಿಸಿದರು. ಅವರ ಮೇಲಿನ ಗೌರವವೂ ಅವರ ಬಗೆಗಿನ ಅಸಮಾಧಾನವೂ ಒಟ್ಟಿಗೆ ಉಳಿದುಬಂದದ್ದಕ್ಕೆ ಇದೇ ಕಾರಣ.

ಹೆಸರು ಬದಲಾಯಿತು, ಊರೂ ಬದಲಾಯಿತು

1844ರ ಫೆಬ್ರವರಿಯಲ್ಲಿ ‘ಮಂಗಳೂರ ಸಮಾಚಾರ’ ಮಂಗಳೂರಿನಲ್ಲಿ ನಿಂತಿತು. ಪತ್ರಿಕೆ ಬಳ್ಳಾರಿಗೆ ಹೋಯಿತು. ಅಲ್ಲಿ ಕನ್ನಡದ ಅಚ್ಚುಮೊಳೆಗಳುಳ್ಳ ಮುದ್ರಣಾಲಯವಿತ್ತು; ಮೊಳೆಯಚ್ಚಿನಲ್ಲಿ ಅಕ್ಷರ ಸ್ಪಷ್ಟವಾಗಿ ಮೂಡುತ್ತಿತ್ತು, ಹೆಚ್ಚು ಪ್ರತಿ ತೆಗೆಯುವುದೂ ಸುಲಭವಿತ್ತು. ಮಂಗಳೂರಿನಾಚೆಯ ಓದುಗರನ್ನೂ ಉದ್ದೇಶಿಸಿ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರನ್ನು ತಳೆಯಿತು.

ಮುದ್ರಣದ ದೃಷ್ಟಿಯಿಂದ ಇದು ಮುನ್ನಡೆ. ಒಂದು ಪಟ್ಟಣದ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂದದ್ದೂ ಸಣ್ಣ ಸಂಗತಿಯಲ್ಲ. ಆಗ ಕನ್ನಡಿಗರು ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು ಎಂದು ಬೇರೆ ಬೇರೆ ಆಡಳಿತಗಳ ಕೆಳಗೆ ಹರಿದು ಹಂಚಿಹೋಗಿದ್ದರು. ಅಂಥ ಕಾಲದಲ್ಲಿ ಭಾಷೆಯನ್ನೇ ಆಧಾರವಾಗಿಸಿ ಎಲ್ಲರನ್ನೂ ಒಂದು ಪತ್ರಿಕೆಯ ಓದುಗರೆಂದು ಭಾವಿಸಿದ್ದು ದೂರದೃಷ್ಟಿಯ ಹೆಜ್ಜೆ. ಆದರೆ ಸಂಪಾದಕನೂ ಓದುಗನೂ ಒಂದೇ ಬೀದಿಯಲ್ಲಿ ನಡೆದಾಡುವ ಸಾಮೀಪ್ಯ ಈ ಬದಲಾವಣೆಯಲ್ಲಿ ಕಳೆದುಹೋಯಿತು. ಮಂಗಳೂರಿನ ಪೇಟೆಯ ವರ್ತಮಾನಕ್ಕೆ ಘಟ್ಟದಾಚೆಯ ಬಳ್ಳಾರಿಯಲ್ಲಿ ಅದೇ ತುರ್ತು ಇರಲು ಸಾಧ್ಯವಿರಲಿಲ್ಲ. ‘ಕನ್ನಡ ಸಮಾಚಾರ’ವೂ ಬಹುಕಾಲ ಬಾಳಲಿಲ್ಲ.

ಮೂರು ವರ್ಷಗಳ ಬಳಿಕ, 1847ರಲ್ಲಿ, ಗೆಳೆಯ ಗುಂಡರ್ಟ್ ತಲಶ್ಶೇರಿಯಲ್ಲಿ ಇದೇ ಕಲ್ಲಚ್ಚು ವಿಧಾನದಿಂದ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರಡಿಸಿದರು. ಕನ್ನಡ, ಮಲಯಾಳ ಎರಡೂ ಭಾಷೆಗಳ ಪತ್ರಿಕೋದ್ಯಮದ ಮೊದಲ ಪುಟಗಳನ್ನು ಟ್ಯೂಬಿಂಗನ್‌ನ ಇಬ್ಬರು ಸ್ನೇಹಿತರು ತೆರೆದಂತಾಯಿತು.

ಓಲೆಗರಿಯಿಂದ ಪುಸ್ತಕಕ್ಕೆ

ಪತ್ರಿಕೆ ಕೈಬಿಟ್ಟ ಮೇಲೂ ಕಲ್ಲಚ್ಚಿನ ನಂಟು ಬಿಡಲಿಲ್ಲ. ಹಳ್ಳಿಹಳ್ಳಿಗಳ ಮನೆಗಳಲ್ಲಿ, ಮಠಗಳಲ್ಲಿ ಓಲೆಗರಿಗಳಾಗಿ ಉಳಿದಿದ್ದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತರುವ ಮಹತ್ವದ ಕಾರ್ಯಕ್ಕೆ ಮೊಗ್ಲಿಂಗ್ ಕೈಹಾಕಿದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು ನಿವೃತ್ತರಾದ ಕಾಸಾಮೇಜರ್ ಧನಸಹಾಯ ನೀಡಿದರು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಹೊರಬಂದವು. ವೈಷ್ಣವ ಕಾವ್ಯವನ್ನೂ ವೀರಶೈವ ಪುರಾಣವನ್ನೂ ಒಬ್ಬ ಕ್ರೈಸ್ತ ಪಾದ್ರಿ ಒಂದೇ ಮಾಲೆಯಲ್ಲಿ ಪೋಣಿಸಿದ್ದು ಆ ಕಾಲಕ್ಕೆ ಅಪೂರ್ವ ಘಟನೆ.

ಇದರ ಹಿಂದೆ ಪ್ರಾಯೋಗಿಕ ಉದ್ದೇಶವಿದ್ದಿರಲೂ ಸಾಕು. ಜನರ ಮನಸ್ಸನ್ನು ಅರಿಯಲು ಅವರ ಕಾವ್ಯವನ್ನು ಓದಬೇಕೆಂಬುದು ಮಿಷನರಿಗಳ ಲೆಕ್ಕಾಚಾರವಾಗಿತ್ತು. ಆದರೆ ಲೆಕ್ಕಾಚಾರವನ್ನು ಮೀರಿದ ಪ್ರೀತಿಯೂ ಮೊಗ್ಲಿಂಗರಲ್ಲಿತ್ತು. ತಾಯ್ನಾಡಿಗೆ ಮರಳಿದ ಮೇಲೆ, ಧರ್ಮಪ್ರಚಾರದ ಯಾವ ಪ್ರಯೋಜನವೂ ಇಲ್ಲದಿದ್ದಾಗಲೂ, ಅವರು ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೆಕ್ಕಾಚಾರಕ್ಕಾಗಿ ಮಾತ್ರ ಓದಿದವನು ಇಷ್ಟು ದೂರ ಹೊತ್ತೊಯ್ಯುವುದಿಲ್ಲ.

ಕೊಡಗಿನ ವರ್ಷಗಳು, ಕೊನೆಯ ದಿನಗಳು

1850ರ ದಶಕದ ಆರಂಭದಲ್ಲಿ ಮೊಗ್ಲಿಂಗ್ ಊರಿಗೆ ಮರಳುವ ಆಲೋಚನೆಯಲ್ಲಿದ್ದಾಗ, ಕ್ರೈಸ್ತ ಮತಕ್ಕೆ ಬಂದ ಆಲ್ಮಂಡ ಸೋಮಯ್ಯ ಎಂಬ ಕೊಡವರ ನಿಮಿತ್ತವಾಗಿ ಅವರ ದಾರಿ ಕೊಡಗಿನತ್ತ ತಿರುಗಿತು. 1853ರಿಂದ ಅಲ್ಲಿ ಹೊಸ ಅಧ್ಯಾಯ. ಜಮೀನಿಗೆ ಕಟ್ಟುಬಿದ್ದ ಜೀತದ ಬದುಕಿನಿಂದ ಬಂದ ದಲಿತ ಕುಟುಂಬಗಳಿಗಾಗಿ ಆನಂದಪುರ ಎಂಬ ನೆಲೆಯನ್ನು ಕಟ್ಟಲಾಯಿತು. 1855ರಲ್ಲಿ ಅವರ ‘ಕೂರ್ಗ್ ಮೆಮೊಯಿರ್ಸ್’ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕೊಡಗಿನ ಜನಜೀವನ ಮತ್ತು ರಾಜರ ಆಳ್ವಿಕೆಯನ್ನು ಕುರಿತ ಆರಂಭದ ಕೃತಿಗಳಲ್ಲಿ ಅದೂ ಒಂದು. ಊರಿನ ವರ್ತಮಾನವನ್ನು ಕೇಳಿ ಬರೆದಿಡುವ ಸಂಪಾದಕನ ಅಭ್ಯಾಸ ಇಲ್ಲಿಯೂ ಮುಂದುವರಿದಿತ್ತು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ದೊರೆತ ಮೊದಲ ಗೌರವ ಡಾಕ್ಟರೇಟ್ ಎಂದು ಅದನ್ನು ಸ್ಮರಿಸಲಾಗುತ್ತದೆ. ಪತ್ನಿ ಪೌಲೀನಾ ಅವರ ಅನಾರೋಗ್ಯದಿಂದಾಗಿ ಮೊಗ್ಲಿಂಗ್ 1860ರಲ್ಲಿ ಭಾರತ ಬಿಟ್ಟರು; ಮತ್ತೆ ಬರಲಾಗಲಿಲ್ಲ. ಎರಡು ದಶಕಗಳ ತರುವಾಯ, 1881ರ ಮೇ 10ರಂದು, ಎಸ್ಲಿಂಗನ್‌ನಲ್ಲಿ ತೀರಿಕೊಂಡರು. 70 ತುಂಬಲು ಕೆಲವೇ ದಿನಗಳು ಉಳಿದಿದ್ದವು. ಅವರ ಕಾಲದಲ್ಲೇ 1853ರಲ್ಲಿ ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು.

ಉಳಿದುಬಂದ ಋಣ

19ನೆಯ ಶತಮಾನದ ಕನ್ನಡದ ಬೆಳವಣಿಗೆಯನ್ನು ಶೋಧಿಸಿದ ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಪ್ರಕಟವಾಯಿತು. ಮಿಷನರಿಗಳ ಕೆಲಸವನ್ನು ಕೇವಲ ಹೊಗಳುವ ಅಥವಾ ಕೇವಲ ಜರೆಯುವ ರೂಢಿಯಿಂದ ಹೊರತಂದು, ದಾಖಲೆಗಳ ಆಧಾರದಲ್ಲಿ ತೂಗಿ ನೋಡಲು ಅಂಥ ಸಂಶೋಧನೆ ದಾರಿ ಮಾಡಿತು.

ಮಂಗಳೂರು ತನ್ನ ಮೊದಲ ಪತ್ರಿಕೆಯನ್ನು ಎಂಟೇ ತಿಂಗಳಲ್ಲಿ ಕಳೆದುಕೊಂಡರೂ ಪತ್ರಿಕೆಯ ಅಭಿರುಚಿಯನ್ನು ಕಳೆದುಕೊಳ್ಳಲಿಲ್ಲ. 20ನೆಯ ಶತಮಾನದಲ್ಲಿ ‘ಸ್ವದೇಶಾಭಿಮಾನಿ’, ‘ರಾಷ್ಟ್ರಬಂಧು’, ‘ನವಭಾರತ’, ‘ಮುಂಗಾರು’ ಮೊದಲಾದ ಪತ್ರಿಕೆಗಳು ಅಲ್ಲಿಂದ ಹೊರಟವು. ಒಂದೊಂದೂ ತನ್ನ ಕಾಲದಲ್ಲಿ ಊರನ್ನು ಓದಿಸಿತು, ಕೆಣಕಿತು, ಕೆಲವೊಮ್ಮೆ ನಷ್ಟದಲ್ಲಿ ಮುಳುಗಿತು.

ಊರ ಪತ್ರಿಕೆಗಳ ಹಣೆಬರಹವೇ ಹಾಗೆ. ಊರಿಗೆ ತೀರ ಹತ್ತಿರವಾದರೆ ಊರಿನ ಮುಲಾಜಿಗೆ ಒಳಗಾಗುತ್ತವೆ. ದೂರ ಸರಿದರೆ ಊರು ಅವನ್ನು ಮರೆಯುತ್ತದೆ. ಕಲ್ಲಚ್ಚಿನ ಕಾಲಕ್ಕೂ ಕಂಪ್ಯೂಟರಿನ ಕಾಲಕ್ಕೂ ಯಂತ್ರದ ಅಂತರವಿದೆ, ಈ ಇಕ್ಕಟ್ಟು ಮಾತ್ರ ಹಾಗೆಯೇ ಇದೆ. ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಕ್ಷಣಾರ್ಧದಲ್ಲಿ ಹರಡುವ ದಿನಗಳಲ್ಲಿ, ಊರಿನಲ್ಲಿ ನಿಜವಾಗಿ ನಡೆದದ್ದೇನು, ಸರ್ಕಾರ ಹೊರಡಿಸಿದ ಆದೇಶ ಯಾವುದು ಎಂಬ ಎರಡು ಪ್ರಶ್ನೆಗಳು 1843ರಲ್ಲಿದ್ದಷ್ಟೇ ತೀವ್ರವಾಗಿವೆ. ಅವಕ್ಕೆ ಎಲ್ಲರ ಮುಂದೆ, ಎಲ್ಲರಿಗೂ ಎಟಕುವ ಬೆಲೆಯಲ್ಲಿ, ಅಚ್ಚಿನಲ್ಲಿ ಉತ್ತರ ಹೇಳುವ ಪದ್ಧತಿಯನ್ನು ಕನ್ನಡಕ್ಕೆ ತಂದುಕೊಟ್ಟದ್ದು ಮೊಗ್ಲಿಂಗರ ಕೊಡುಗೆ. ಅವರ ಮತಪ್ರಚಾರವನ್ನು ಒಪ್ಪದವರೂ ಜುಲೈ 1ರಂದು ಅವರನ್ನು ನೆನೆಯುತ್ತಿರುವುದು ಆ ಋಣಕ್ಕಾಗಿ.